ಮಂಚು ಅಜ್ಜಿಯ ಹಗ್ಗ

ಹೋದ ತಿಂಗಳು ಪ್ಲೆಸೆಂಟನ್ನಿನಿಂದ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಹಾಸನದ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ, ಸ್ಯಾನ್ ಫ್ರಾನ್ಸಿಸ್ಕೋದ ಆಸುಪಾಸಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಕಂಪ್ಯೂಟರಿನವರು. ಇವಳು ಮಾತ್ರ ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡುವ ಕೆಲಸಕ್ಕೆ ಸೇರಿಕೊಂಡಿದ್ದಾಳೆ. ಆ ಕೆಲಸದಲ್ಲಿ ಇಪ್ಪತ್ತಾರು ವರ್ಷ ಕೂತೆದ್ದ ಮುದುಕನೊಬ್ಬ ಫ್ರೀಮಾಂಟಿನಲ್ಲಿದ್ದಾನೆ ಎಂದು ಯಾರೋ ಹೇಳಿದರಂತೆ. "ಅಂಕಲ್, ಈ ಕೆಲಸದಲ್ಲಿ ಮೋಸ್ಟ್ ಇಂಪಾರ್ಟೆಂಟ್ ಏನು?" ಎಂದು ಕೇಳಿದಳು. "ಅಂಟು" ಎಂದೆ. ಬರೆದುಕೊಂಡು, ಕಾಫಿ ಕುಡಿದು ಹೋದಳು.

ಅವಳು ಹೋದ ಮೇಲೆ, ತಪ್ಪು ಹೇಳಿಬಿಟ್ಟೆನಲ್ಲ ಅನ್ನಿಸಿತು. ಅಂಟು ಕೆಟ್ಟರೆ ಇನ್ನೊಂದು ಸಲ ಕುದಿಸಿಕೊಳ್ಳಬಹುದು. ನಾನು ಹೇಳಬೇಕಾಗಿದ್ದದ್ದು ದಾರದ ವಿಷಯ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಗಿಡ್ತಿಯ ಸುದ್ದಿ ಇದರಲ್ಲಿ ಇಲ್ಲ. ಆ ಲೆಕ್ಕದಲ್ಲಿ ನಾನು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

ನಾನು ಕೆಲಸ ಕಲಿತದ್ದು ಮೈಸೂರಿನಲ್ಲಿ, ಶೇಷಾಚಾರ್ಯರು ಎಂಬ ಹಿರಿಯರ ಕೈಕೆಳಗೆ. ಅವರದು ತಾಳೆಗರಿಯ ಕಟ್ಟುಗಳನ್ನು ಕಾಪಾಡುವ ಕೆಲಸ. ವರ್ಷಕ್ಕೊಮ್ಮೆ ನವರಾತ್ರಿಯ ಹೊತ್ತಿಗೆ ಕಟ್ಟುಗಳನ್ನೆಲ್ಲ ಇಳಿಸಿ, ದೂಳು ಕೊಡವಿ, ಗರಿಗಳಿಗೆ ಹುಳ ಹಿಡಿಯದಂತೆ ನಿಂಬೆಹುಲ್ಲಿನ ಎಣ್ಣೆ ಸವರಿ, ಹೊಸ ಬಟ್ಟೆಯಲ್ಲಿ ಸುತ್ತಿ, ಹೊಸ ದಾರ ಕಟ್ಟುತ್ತಿದ್ದೆವು. "ಮೊದ್ಲು ಹಳೇ ದಾರ ಬಿಸಾಕೋ. ಹುಳ ಇರೋದೇ ಅಲ್ಲಿ" ಎಂದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಮ್ಮ ಅಮ್ಮನ ಶಾಸ್ತ್ರ ಇದಕ್ಕೆ ತದ್ವಿರುದ್ಧ. ಅಂಗಡಿಯ ಪೊಟ್ಟಣದ ದಾರ, ಹೂವು ಕಟ್ಟಿ ಉಳಿದ ಬಾಳೆನಾರು, ಸೀರೆಯ ಅಂಚಿನ ಚೂರು, ಯಾವುದನ್ನೂ ಎಸೆದವಳಲ್ಲ. ಎಲ್ಲವನ್ನೂ ಸುತ್ತಿ ಅಡಿಗೆಮನೆಯ ಮೊಳೆಗೆ ನೇತುಹಾಕುತ್ತಿದ್ದಳು. ಗುರುವಿನ ಮಾತೂ ಅಮ್ಮನ ಅಭ್ಯಾಸವೂ ನನ್ನೊಳಗೆ ಒಟ್ಟಿಗೇ ಇದ್ದವು. ಮುಂದಿನ ಅನಾಹುತಕ್ಕೆ ಕಾರಣ ಒಂದು, ಪರಿಹಾರಕ್ಕೆ ಕಾರಣ ಇನ್ನೊಂದು.

ಈ ದೇಶಕ್ಕೆ ಬಂದದ್ದು ಹೆಂಡತಿ ಸುಮಿತ್ರೆಯ ಹಿಂದೆ. ಅವಳು ನರ್ಸು, ಆಸ್ಪತ್ರೆಯವರು ಅವಳನ್ನು ಕರೆಸಿಕೊಂಡರು, ಅವಳ ಸಾಮಾನಿನ ಜೊತೆ ನಾನೂ ಬಂದೆ. ಎಂಬತ್ತರ ದಶಕದ ಆರಂಭ ಅದು. ಯುಗಾದಿಯ ದಿನ ಕನ್ನಡದವರು ಯಾರದಾದರೂ ಮನೆಯಲ್ಲಿ ಸೇರಿದಾಗ ಇಂಜಿನಿಯರುಗಳು, ಡಾಕ್ಟರುಗಳು "ತಾವು ಏನ್ ಮಾಡ್ಕೊಂಡಿದೀರಿ?" ಎಂದು ಕೇಳುವರು. "ಬುಕ್ ಬೈಂಡಿಂಗು" ಎಂದರೆ, "ಓಹೋ" ಎಂದು ಹವಾಮಾನದ ಮಾತಿಗೆ ತಿರುಗುವರು. ಸುಮಿತ್ರೆಗೆ ರೇಗುತ್ತಿತ್ತು. "ಅವ್ರು ಪುಸ್ತಕದ ಡಾಕ್ಟ್ರು" ಎಂದು ದೊಡ್ಡ ದನಿಯಲ್ಲಿ ಹೇಳಿಬಿಡುತ್ತಿದ್ದಳು.

ನನಗೆ ಕೆಲಸ ಸಿಕ್ಕಿದ್ದು ಬರ್ಕ್ಲಿಯ ಗುಡ್ಡದ ಮೇಲೆ ಒಂದು ಸಣ್ಣ ಖಾಸಗಿ ಗ್ರಂಥಾಲಯದಲ್ಲಿ. ಹಡಗಿನ ವ್ಯಾಪಾರಿಯೊಬ್ಬ ಪೂರ್ವದೇಶಗಳಿಂದ ತಂದು ಗುಡ್ಡೆ ಹಾಕಿದ್ದ ಪುಸ್ತಕಗಳು ಅಲ್ಲಿದ್ದವು. ದುರಸ್ತಿ ಕೋಣೆಯ ಮುಖ್ಯಸ್ಥೆ ಡೊರತಿ. ಎತ್ತರದ ಹೆಂಗಸು, ಬಿಳಿ ಕೂದಲಿನ ಗಂಟಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್. ಸಂದರ್ಶನದ ದಿನ ನನ್ನ ಸರ್ಟಿಫಿಕೇಟುಗಳ ಕಡೆ ಕಣ್ಣೂ ಹಾಯಿಸದೆ, ಗೋಧಿಹಿಟ್ಟಿನ ಅಂಟು ಕುದಿಸಿ ತೋರಿಸು ಎಂದಳು. ಅಮ್ಮ ಗಂಜಿ ಕಾಯಿಸುವುದನ್ನು ನೋಡಿ ಬೆಳೆದವನಿಗೆ ಅದೇನು ಬ್ರಹ್ಮವಿದ್ಯೆಯೇ? ಗಂಟಿಲ್ಲದಂತೆ ಕದಡಿ ಇಳಿಸಿದೆ. ಎರಡು ಬೆರಳಲ್ಲಿ ಉಜ್ಜಿ ನೋಡಿ, "ಸೋಮವಾರ ಬಾ" ಎಂದಳು.

ಮೊದಲ ವರ್ಷ ಬೈಸಿಕೊಂಡದ್ದು ಚೀನಿ ಪುಸ್ತಕಗಳಿಂದ. ಅವುಗಳ ಸಾಲುಗಳು ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ. ನಮ್ಮ ಪುಸ್ತಕದ ಕೊನೆಯೇ ಅವರ ಪುಸ್ತಕದ ಮೊದಲು. ಅದನ್ನು ತಲೆಗೆ ಹತ್ತಿಸಿಕೊಳ್ಳುವ ಹೊತ್ತಿಗೆ ಸಾಕುಬೇಕಾಗಿತ್ತು. ಎರಡನೆಯ ವರ್ಷ ಡೊರತಿ ಹನ್ನೆರಡು ಪುಸ್ತಕ ಕೊಟ್ಟು, ಬಟ್ಟೆ ಹೊದಿಸಿದ ರಟ್ಟಿನ ಪೆಟ್ಟಿಗೆ ಮಾಡು ಎಂದಳು. ಇವೂ ಅವೇ ಎಂದುಕೊಂಡು ಹನ್ನೆರಡನ್ನೂ ಬಲಕ್ಕೆ ತೆರೆಯುವಂತೆ ಅಚ್ಚುಕಟ್ಟಾಗಿ ಮಾಡಿ ಸಾಲಾಗಿ ಇಟ್ಟೆ. ಡೊರತಿ ಬಂದು ನೋಡಿ ಪೆನ್ಸಿಲನ್ನು ಕೂದಲಿನಿಂದ ಹೊರಗೆಳೆದಳು. ಅದು ಕೆಟ್ಟ ಸೂಚನೆ.

"ಶ್ರೀ, ಇವು ಚೀನಿ ಅಲ್ಲ. ಮಂಚು. ಇವೂ ಮೇಲಿನಿಂದ ಕೆಳಗೇ, ಆದರೆ ಎಡದಿಂದ ಬಲಕ್ಕೆ. ಹನ್ನೆರಡನ್ನೂ ಒಡೆದು ಮತ್ತೆ ಮಾಡು."

ಒಡೆದು ಮತ್ತೆ ಮಾಡಿದೆ. ಮಂಚು ಎಂಬ ಹೆಸರನ್ನು ನಾನು ಕೇಳಿದ್ದು ಹೀಗೆ, ಬೈಗುಳದ ಜೊತೆಗೆ. ಚೀನಾದ ಈಶಾನ್ಯದಿಂದ ಇಳಿದು ಬಂದು ಎರಡೂವರೆ ಶತಮಾನಕ್ಕೂ ಮೀರಿ ಆ ದೇಶವನ್ನು ಆಳಿದ ಜನ. ಮಂಗೋಲರಿಂದ ಲಿಪಿಯನ್ನು ಪಡೆದು, ಚುಕ್ಕಿ, ಸೊನ್ನೆಗಳನ್ನು ಸೇರಿಸಿ ತಮ್ಮದಾಗಿ ಮಾಡಿಕೊಂಡವರು. ಆಳಿದವರ ಭಾಷೆ ಉಳಿಯುತ್ತದೆ ಎಂದು ನಾನು ತಿಳಿದಿದ್ದೆ. ಇವರದು ಹಾಗಾಗಲಿಲ್ಲ. ಆಳುತ್ತ ಆಳುತ್ತ ಆಳಿಸಿಕೊಂಡವರ ಮಾತನ್ನೇ ಆಡತೊಡಗಿದರು. ನಾನು ಪೆಟ್ಟಿಗೆ ಮಾಡುತ್ತಿದ್ದ ಕಾಲಕ್ಕೆ, ನಮ್ಮ ಗ್ರಂಥಾಲಯದಲ್ಲಂತೂ ಅವನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ಆ ಕಟ್ಟು ಬಂತು. ಏಪ್ರಿಲ್ ಇರಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಲ್ಲಿನ ಡಾಕ್ಟರಾಗಿದ್ದ ಲೀ ಎಂಬವರು ತಂದುಕೊಟ್ಟರು. ಅದು ಅವರ ತಾಯಿಯ ತವರಿನ ಕಾಗದ. ತಾಯಿಗೆ ಎಂಬತ್ತರ ಹತ್ತಿರ ವಯಸ್ಸು, ಕಣ್ಣಿಗೆ ಪೊರೆ ಬಂದಿದೆ. ಚಿಕ್ಕಂದಿನಲ್ಲಿ ಅವರ ಅಪ್ಪ "ನಾವು ಬಾವುಟದವರು" ಎಂದಷ್ಟೇ ಹೇಳಿದ್ದರಂತೆ. ಮಂಚು ಸೈನ್ಯ ಎಂಟು ಬಾವುಟಗಳ ಕೆಳಗೆ ಹಂಚಿಹೋಗಿತ್ತು. ಆದರೆ ಆ ಬಾವುಟಗಳಲ್ಲಿ ಮಂಗೋಲರೂ ಇದ್ದರು, ಚೀನಿಯರೂ ಇದ್ದರು. ಹಾಗಾದರೆ ತಾನು ಯಾರ ಮಗಳು? ಇದು ಆಕೆಯ ಪ್ರಶ್ನೆ. "ನಾನು ಸಾಯೋದ್ರೊಳಗೆ ಯಾರಾದರೂ ಓದಿ ಹೇಳಿ" ಎಂದು ಮಗನ ಕೈಲಿ ಹೇಳಿಕಳಿಸಿದ್ದರು. ಡೊರತಿ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, ಓದುವವರು ಸಿಗುವ ಹೊತ್ತಿಗೆ ಇದನ್ನು ಓದುವ ಸ್ಥಿತಿಗೆ ತಂದಿಡು ಎಂದಳು.

ಕಟ್ಟಿಗೆ ಸುತ್ತಿದ್ದದ್ದು ಒಂದು ಹುರಿಹಗ್ಗ. ಕಿರುಬೆರಳಿಗಿಂತ ಸಣ್ಣದು, ಹೊಗೆ ಹಿಡಿದು ಕಪ್ಪಾದದ್ದು. ನಾಲ್ಕೈದು ಮಾರು ಉದ್ದ, ಸುತ್ತಿ ಸುತ್ತಿ ಬಿಗಿದಿದ್ದರು. ಅಲ್ಲಲ್ಲಿ ಬಟ್ಟೆಯ ಚಿಂದಿಗಳು ಕಟ್ಟಿಕೊಂಡಿದ್ದವು: ಕೆಂಪು, ನೀಲಿ, ಹಳದಿ. ಬಿಚ್ಚಲು ನೋಡಿದೆ, ಆಗಲಿಲ್ಲ. ಒಂದು ನೀಲಿ ಚಿಂದಿಯನ್ನಂತೂ ಗಂಟಿನ ಮೇಲೆ ಗಂಟು ಹಾಕಿ ಬಿಗಿದಿದ್ದರು. ಅದರ ಜೊತೆ ಹೆಣಗಾಡಿ ಉಗುರು ಮುರಿದುಕೊಂಡೆ. ಶೇಷಾಚಾರ್ಯರು ಕಿವಿಯಲ್ಲಿ ಹೇಳಿದರು, ಹುಳ ಇರೋದೇ ಅಲ್ಲಿ. ಕತ್ತರಿ ತೆಗೆದುಕೊಂಡು ಎರಡು ಕಡೆ ಕಚಕ್ ಎನ್ನಿಸಿದೆ. ಹಗ್ಗ ಮೂರು ತುಂಡಾಯಿತು. ಒಳಗಿನಿಂದ ಬೆರಳುದ್ದದ ಮರದ ಬಿಲ್ಲೊಂದು ಮೇಜಿನ ಮೇಲೆ ಬಿತ್ತು. ಮಕ್ಕಳ ಆಟಿಕೆ ಇರಬೇಕು ಎಂದುಕೊಂಡು, ಸೂಜಿ, ದಾರ ಇಡುತ್ತಿದ್ದ ತಗಡಿನ ಡಬ್ಬಿಗೆ ಹಾಕಿದೆ. ಹಗ್ಗವನ್ನು ಕಸದ ಬುಟ್ಟಿಯ ತನಕ ಒಯ್ದೆ. ಅಷ್ಟರಲ್ಲಿ ಅಮ್ಮ ನೆನಪಾದಳು. ಇಷ್ಟು ಗಟ್ಟಿ ಹಗ್ಗ! ಚೀಲದಲ್ಲಿ ತುರುಕಿ ಮನೆಗೆ ಒಯ್ದೆ.

ಗ್ರಂಥಾಲಯಕ್ಕೆ ಬಂದ ಒಂದು ಗುಂಡುಸೂಜಿಯನ್ನೂ ಕೇಳದೆ ಮನೆಗೆ ಒಯ್ಯಬಾರದು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಸವನ್ನು ಒಯ್ಯಲು ಯಾರನ್ನು ಕೇಳುವುದು?

ಫ್ರೀಮಾಂಟಿನ ನಮ್ಮ ಹಿತ್ತಲಲ್ಲಿ ಆ ವರ್ಷ ಸುಮಿತ್ರೆ ಹೀರೆಬೀಜ ಹಾಕಿದ್ದಳು. ಆಗ ಇಲ್ಲಿ ಹೀರೆಕಾಯಿ ಈಗಿನಂತೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಬಳ್ಳಿ ಎದ್ದಾಗ ಬೇಲಿಯಿಂದ ಗ್ಯಾರೇಜಿನ ಗೋಡೆಗೆ ಆ ಮೂರು ತುಂಡನ್ನೂ ಎಳೆದು ಕಟ್ಟಿದೆ. ಬಳ್ಳಿಗೆ ಹಗ್ಗ ಹಿಡಿಸಿತು. ಜುಲೈ, ಆಗಸ್ಟ್ ಎರಡು ತಿಂಗಳಲ್ಲಿ ಚಿಂದಿ, ಗಂಟು ಒಂದನ್ನೂ ಬಿಡದೆ ಸುತ್ತಿಕೊಂಡು ಹಸಿರು ಚಪ್ಪರವೇ ಆಯಿತು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಓದುವವರು ಸಿಕ್ಕಿದರು. ಆಗಷ್ಟೇ ಚೀನಾದಿಂದ ವಿದ್ವಾಂಸರು ಈ ಕಡೆ ಬರತೊಡಗಿದ್ದ ಕಾಲ. ಒಂದು ವರ್ಷದ ಮಟ್ಟಿಗೆ ಬರ್ಕ್ಲಿಗೆ ಬಂದಿದ್ದ ಪ್ರೊಫೆಸರ್ ಟೋಂಗ್ ಎಂಬವರನ್ನು ಡೊರತಿ ಹಿಡಿದು ತಂದಳು. ಗುಂಡು ಮುಖದ, ಸದಾ ನಗುವ ಮನುಷ್ಯ. ಅವರ ಇಂಗ್ಲಿಷು ನನ್ನದಕ್ಕಿಂತ ಹರುಕು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಅವರು ಶಿಬೆ ಎಂಬ ಸಮುದಾಯದವರು. ಇನ್ನೂರು ವರ್ಷಗಳ ಹಿಂದೆ ಮಂಚು ಅರಸ ಅವರ ಪೂರ್ವಿಕರನ್ನು ಪಶ್ಚಿಮದ ಗಡಿ ಕಾಯಲು ದೇಶದ ಆ ತುದಿಯಿಂದ ಈ ತುದಿಗೆ ಕಳಿಸಿದ್ದನಂತೆ. ತವರಿನಲ್ಲಿ ಮಂಚು ಮಾತು ಅಳಿಯುತ್ತ ಬಂದರೂ, ಅದಕ್ಕೆ ಒಡಹುಟ್ಟಿದಂಥ ಅವರ ಮಾತು ಆ ಗಡಿಯ ಹಳ್ಳಿಗಳಲ್ಲಿ ಉಳಿಯಿತು. "ನಮ್ಮನ್ನು ಕಾವಲಿಗೆ ಅಂತ ಕಳಿಸಿದರು. ಗಡಿ ಕಾಯೋರು ಬೇರೆಯವರು ಬಂದರು. ನಾವು ಭಾಷೆ ಕಾಯ್ತಾ ಕೂತಿದ್ದೀವಿ" ಎಂದು ನಕ್ಕರು.

ನಾನು ತಿಂಗಳುಗಟ್ಟಲೆ ಒದ್ದೆ ಮಾಡಿ, ಬಿಡಿಸಿ, ತೆಳುಕಾಗದ ಅಂಟಿಸಿ ಉಳಿಸಿದ್ದ ಹಾಳೆಗಳನ್ನು ಅವರು ಎಡದಿಂದ ತಿರುವುತ್ತ ಹೋದರು. ಏನೋ ರಾಜಪತ್ರ ಇರಬೇಕು ಎಂದು ನಾನು ಕಾದಿದ್ದೆ. ಅವರು ರಾಗವಾಗಿ ಶುರು ಮಾಡಿದರು: "ಅ, ಎ, ಇ... ನ, ನೆ, ನಿ..."

ಮಗುವಿನ ಕಾಗುಣಿತ! ಯಾವುದೋ ಹುಡುಗ ಬರೆದು ಬರೆದು ತಿದ್ದಿದ ಪುಸ್ತಕ. ನನಗೆ ತಡೆಯಲಾಗಲಿಲ್ಲ, "ಕ ಕಾ ಕಿ ಕೀ" ಎಂದು ನಾನೂ ರಾಗ ಎಳೆದೆ. ಇಬ್ಬರು ಗಂಡಸರು ಮಗ್ಗಿ ಒಪ್ಪಿಸುವವರ ಹಾಗೆ ಕಿರುಚುವುದನ್ನು ಕೇಳಿ ಡೊರತಿ ಬಾಗಿಲಿಗೆ ಬಂದು ನಿಂತಳು.

ಮಂಚು ಎಂಬ ಹೆಸರು ಎಲ್ಲಿಂದ ಬಂತು ಎಂದು ಅವರನ್ನು ಕೇಳಿದೆ. ಮೊದಲು ಆ ಜನಕ್ಕೆ ಜುರ್ಚೆನ್ ಎಂಬ ಹೆಸರಿತ್ತಂತೆ. 1635ರಲ್ಲಿ ಅವರ ಅರಸ, ಇನ್ನು ಮುಂದೆ ಆ ಹೆಸರು ಯಾರೂ ಹೇಳಕೂಡದು, ನಾವೆಲ್ಲ ಮಂಚುಗಳು ಎಂದು ಆಜ್ಞೆ ಹೊರಡಿಸಿದನಂತೆ. ಆ ಪದವೇ ಏಕೆ ಎಂಬುದು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಮಂಜುಶ್ರೀ ಎಂಬ ಬೋಧಿಸತ್ವನ ಹೆಸರಿನಿಂದ ಬಂತು ಎನ್ನುವವರಿದ್ದಾರೆ, ನದಿಯ ಹೆಸರು ಎನ್ನುವವರಿದ್ದಾರೆ, ಅದು ನಾಯಕರ ಬಿರುದಾಗಿತ್ತು ಎನ್ನುವವರೂ ಇದ್ದಾರೆ. ನಾನು ಕೂಡಲೇ ಮಂಜುಶ್ರೀಯ ಪಕ್ಷ ಸೇರಿ, ಸಂಸ್ಕೃತ, ಭಾರತ ಎಂದು ಒಂದು ಭಾಷಣ ಬಿಗಿದೆ. ಟೋಂಗ್ ತಾಳ್ಮೆಯಿಂದ ಕೇಳಿ, "ಎಲ್ಲರಿಗೂ ತಮ್ಮ ಮನೆ ಇರೋ ದಾರಿನೇ ಸರಿ ಅನ್ನಿಸುತ್ತೆ" ಎಂದರು.

ಕೊನೆಯ ಹಾಳೆಯಲ್ಲಿ ಹುಡುಗ ತನ್ನ ಹೆಸರು ಬರೆದಿದ್ದ. ಅದು ಡಾಕ್ಟರ್ ಲೀ ತಿಳಿಸಿದ್ದ ಅವರ ತಾಯಿಯ ಅಪ್ಪನ ಹೆಸರೇ. ಗುವಾಲ್ಗಿಯ ಎಂಬ ಮನೆತನದ ಹೆಸರನ್ನೂ, ತನ್ನ ಬಾವುಟ ಕೆಂಪು ಅಂಚಿನದು ಎಂಬುದನ್ನೂ ಬರೆದಿದ್ದ. ಗುವಾಲ್ಗಿಯ ಎಂದರೆ ಹಳೆಯ ಮಂಚು ಮನೆತನ, ಅನುಮಾನವೇ ಇಲ್ಲ ಎಂದರು ಟೋಂಗ್. ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಶುಕ್ರವಾರ ಆಕೆಯನ್ನು ಕರೆಸುವುದೆಂದು ಡೊರತಿ ಹೇಳಿದಳು. ಆ ಸಂತೋಷದಲ್ಲಿ ಟೋಂಗ್ ಪೆನ್ಸಿಲಿಗಾಗಿ ನನ್ನ ಡಬ್ಬಿಗೆ ಕೈ ಹಾಕಿದರು. ಕೈಯಲ್ಲಿ ಬಂದದ್ದು ಆ ಪುಟ್ಟ ಬಿಲ್ಲು.

ಅವರ ಮುಖದ ನಗು ಹೋಯಿತು. "ಇದು ಎಲ್ಲಿತ್ತು?"

"ಆ ಕಟ್ಟಿನಲ್ಲೇ. ಆಟದ ಸಾಮಾನು."

"ಅಲ್ಲ" ಎಂದರು. ಎರಡು ಬೆರಳುಗಳ ನಡುವೆ ಅದನ್ನು ಹಿಡಿದು ನಿಧಾನವಾಗಿ ಹೇಳಿದರು: "ನಮ್ಮ ಮನೆಯ ಮೂಲೆಯಲ್ಲಿ ಒಂದು ಹಗ್ಗ ಇತ್ತು. ಗಂಡು ಹುಟ್ಟಿದರೆ ಅದಕ್ಕೆ ಬಿಲ್ಲು ಕಟ್ಟೋರು, ಹೆಣ್ಣು ಹುಟ್ಟಿದರೆ ಬಣ್ಣದ ಬಟ್ಟೆ. ಬರಹ ಇಲ್ಲದವರ ಮನೆಯಲ್ಲಿ ವಂಶ ಇರೋದು ಅದರಲ್ಲೇ. ನನ್ನದನ್ನ ನನ್ನಜ್ಜಿ ಕಟ್ಟಿದ್ದಳು. ಮಂಚುಗಳ ಮನೆಗಳಲ್ಲೂ ಉಂಟು, ಪಶ್ಚಿಮದ ಗೋಡೆಯ ಮೇಲೆ ಚೀಲದಲ್ಲಿ ಇಡ್ತಾರೆ. ಹಗ್ಗ ಎಲ್ಲಿ?"

ಹಗ್ಗ ಮನೆಯಲ್ಲಿದೆ ಎಂದೆ. ಮನೆಯಲ್ಲಿ ಎಲ್ಲಿ ಎಂದು ಅವರು ಕೇಳಲಿಲ್ಲ, ಪುಣ್ಯಾತ್ಮರು.

ಬಾರ್ಟ್ ರೈಲಿನಲ್ಲಿ ಫ್ರೀಮಾಂಟಿನ ತನಕ ನಿಂತೇ ಬಂದೆ. ಕೂರಲು ಜಾಗವಿತ್ತು, ಕೂರುವ ಮನಸ್ಸಿರಲಿಲ್ಲ. ಸುಮಿತ್ರೆ ಆಗ ತಾನೇ ಡ್ಯೂಟಿ ಮುಗಿಸಿ ಬಂದು ಹಿತ್ತಲ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದಳು.

"ಸುಮಿ, ಆ ಹೀರೆಬಳ್ಳಿ ಹಗ್ಗ ಬಿಚ್ಚಬೇಕು."

"ಈಗ್ಲಾ? ಎಳೆಕಾಯಿ ಬಿಟ್ಟಿದೆ ಕಣ್ರೀ. ಇನ್ನೆರಡು ವಾರ ತಡೀರಿ."

"ತಡೆಯೋ ಹಾಗಿಲ್ಲ. ಅದು ಹಗ್ಗ ಅಲ್ಲ, ಯಾರದೋ ವಂಶ."

ಎಲ್ಲವನ್ನೂ ಹೇಳಿದೆ. ಕಾಫಿ ಲೋಟ ಕೆಳಗಿಟ್ಟಳು. "ಅಲ್ರೀ, ಅಷ್ಟೊಂದು ಬಟ್ಟೆ ಚೂರು ಕಟ್ಟಿರೋದು ನೋಡಿ ನಿಮಗೆ ಏನೂ ಅನ್ನಿಸ್ಲೇ ಇಲ್ವಾ? ದೇವಸ್ಥಾನದ ಮರಕ್ಕೆ ಹೆಂಗಸ್ರು ತೊಟ್ಲು ಕಟ್ಟಿರೋದು ನೋಡೇ ಇಲ್ವಾ ನೀವು? ಪುಸ್ತಕದ ಡಾಕ್ಟ್ರಂತೆ!"

"ನೀನೂ ದಿನಾ ನೋಡ್ತಿದ್ದೆಯಲ್ಲ."

"ನಾನು ಕಾಯಿ ನೋಡ್ತಿದ್ದೆ!"

ಒಂಬತ್ತು ವರ್ಷದ ಮಗಳು ರಶ್ಮಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅಪ್ಪಾ, ಆರ್ ಯೂ ಗೋಯಿಂಗ್ ಟು ಗೆಟ್ ಫೈರ್ಡ್?" ಎಂದಳು. ಗೊತ್ತಿಲ್ಲ ಪುಟ್ಟಿ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಭಯವಾಗಿತ್ತು.

ಸುಮಿತ್ರೆ ಒಳಗೆ ಹೋಗಿ ಆಸ್ಪತ್ರೆಯ ಸಣ್ಣ ಕತ್ತರಿ, ಚಿಮಟ ತಂದಳು. ಎಳೆದರೆ ಚಿಂದಿ ಹರಿಯುತ್ತದೆ. ಬಳ್ಳಿಯ ಒಂದೊಂದು ಕುಡಿಯನ್ನೂ ಹೊಲಿಗೆ ಬಿಚ್ಚುವವಳ ಹಾಗೆ ಕತ್ತರಿಸಿ, ಚಿಮಟದಿಂದ ಎತ್ತಿ ತೆಗೆದಳು. ನಾನು ಹಗ್ಗ ಹಿಡಿದು ನಿಂತಿದ್ದೆ. ಬೆಳಕು ಇರುವಷ್ಟರಲ್ಲಿ ಮೂರು ತುಂಡೂ ಬಿಡುಗಡೆಯಾದವು. ಒಂದು ಗಂಟೂ ಬಿಚ್ಚಿರಲಿಲ್ಲ, ಒಂದು ಚಿಂದಿಯೂ ಹೋಗಿರಲಿಲ್ಲ. ಆದರೆ ಬಣ್ಣ ಹೋಗಿತ್ತು. ಒಂದು ಬೇಸಿಗೆಯ ಬಿಸಿಲು ಕೆಂಪು, ನೀಲಿ, ಹಳದಿ ಎಲ್ಲವನ್ನೂ ಒಂದೇ ಬೂದುಬಣ್ಣ ಮಾಡಿಬಿಟ್ಟಿತ್ತು. ಬಳ್ಳಿ ಸತ್ತಿತು. ವಾರವಿಡೀ ನಮ್ಮ ಮನೆಯಲ್ಲಿ ಹೀರೆಕಾಯಿ ಬಜ್ಜಿ, ಹೀರೆಕಾಯಿ ಪಲ್ಯ, ಹೀರೆಸಿಪ್ಪೆಯ ಚಟ್ನಿ.

ಮರುದಿನ ಬೆಳಿಗ್ಗೆ ಹಗ್ಗವನ್ನು ಡೊರತಿಯ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೂರು ತುಂಡನ್ನೂ ಒಂದೊಂದಾಗಿ ತಿರುಗಿಸಿ ನೋಡಿದಳು. ಕೂದಲಿನ ಪೆನ್ಸಿಲನ್ನು ಮುಟ್ಟಲಿಲ್ಲ. ಅದಕ್ಕಿಂತ ಮುಟ್ಟಿದ್ದರೇ ಚೆನ್ನಾಗಿತ್ತು.

"ನಿನ್ನ ಫೈಲಿಗೆ ಒಂದು ಪತ್ರ ಬರೆಯಬೇಕಾಗುತ್ತೆ ಶ್ರೀ."

"ಬರೀರಿ ಮೇಡಂ."

"ಇನ್ನೊಂದು ಪತ್ರ ನನ್ನ ಫೈಲಿಗೂ ಬರೀಬೇಕು. ಕಟ್ಟು ಬಿಚ್ಚೋಕೆ ಮುಂಚೆ ಫೋಟೋ ತೆಗಿ ಅಂತ ನಾನು ಹೇಳಬೇಕಾಗಿತ್ತು, ಹೇಳಲಿಲ್ಲ." ಆಮೇಲೆ, "ಆ ಅಜ್ಜಿಗೆ ನೀನೇ ಹೇಳಬೇಕು. ದುರಸ್ತಿಯಲ್ಲಿ ಹಾಳಾಯಿತು ಅಂತ ಅಲ್ಲ. ಹೇಗೆ ಆಯಿತೋ ಹಾಗೆ."

ಮೇಲಧಿಕಾರಿ ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಮಾತನ್ನು ಹೇಳುತ್ತೇನೆ.

ಶುಕ್ರವಾರ ಮಿಸೆಸ್ ಲೀ ಬಂದರು. ಗುಬ್ಬಿಯಷ್ಟು ದೇಹ, ಬೂದು ಸ್ವೆಟರು. ಕೈ ಹಿಡಿದು ತಂದವಳು ಮೊಮ್ಮಗಳು ನ್ಯಾನ್ಸಿ, ಬರ್ಕ್ಲಿಯಲ್ಲಿ ಓದುತ್ತಿದ್ದವಳು. ಅಜ್ಜಿಯ ಚೀನಿಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವುದು ಅವಳ ಕೆಲಸ. ಟೋಂಗ್ ಕಾಗುಣಿತದ ಪುಸ್ತಕವನ್ನು ಓದಿ, ಕೊನೆಯ ಹಾಳೆಗೆ ಬಂದು, ಆಕೆಯ ಅಪ್ಪನ ಹೆಸರನ್ನು ಅಪ್ಪ ಬರೆದಿದ್ದ ಹಾಗೆಯೇ ಉಚ್ಚರಿಸಿದರು. ಗುವಾಲ್ಗಿಯ. ಮಂಚು. ಅಜ್ಜಿ ಮೂರು ಸಲ ಆ ಹೆಸರನ್ನು ಬಾಯೊಳಗೇ ಹೇಳಿಕೊಂಡರು. ತಲೆಯಾಡಿಸಿದರು. ಆಮೇಲೆ ಅವರ ಕೈ ಮೇಜಿನ ಮೇಲೆ ತಡಕಾಡತೊಡಗಿತು.

"ಹಗ್ಗ ಎಲ್ಲಿ ಅಂತ ಕೇಳ್ತಿದ್ದಾರೆ" ಎಂದಳು ನ್ಯಾನ್ಸಿ. "ಅದನ್ನೂ ಜೋಪಾನ ಮಾಡಿ ಅಂತ ಹೇಳೋಕೆ ಅಪ್ಪನಿಗೆ ಹೇಳಿದ್ದರಂತೆ. ಅಪ್ಪ ಹೇಳಲಿಲ್ಲ ಅನ್ಸುತ್ತೆ. ಅವರಿಗೆ ಇಂಥದ್ದೆಲ್ಲ ನಾಚಿಕೆ."

ನಾನು ಮೂರು ತುಂಡನ್ನೂ ಅವರ ಕೈಗಿಟ್ಟೆ. ಕತ್ತರಿಸಿದ ತುದಿಗೆ ಬೆರಳು ತಾಗಿದಾಗ ಅವರು ತಡವುವುದನ್ನು ನಿಲ್ಲಿಸಿದರು.

"ನನ್ನದು ನೀಲಿ. ನೀಲಿ ಇದೆಯಾ?" ಎಂದು ನ್ಯಾನ್ಸಿ ಅನುವಾದಿಸಿದಳು. ಅಜ್ಜಿಯ ಪೊರೆಗಣ್ಣು ನನ್ನ ಕಡೆಗೆ ತಿರುಗಿತ್ತು.

ಇದೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಗೆ ಕಾಣುವಂತಿರಲಿಲ್ಲ. ಆ ಆಸೆ ಒಂದು ಗಳಿಗೆ ನನ್ನ ನಾಲಿಗೆಯ ತುದಿಗೆ ಬಂತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

"ಇತ್ತು ಅಮ್ಮಾ. ಈಗ ಇಲ್ಲ. ಇದು ಬರೀ ಕಟ್ಟಿನ ದಾರ ಅಂದುಕೊಂಡೆ. ನಾನೇ ಕತ್ತರಿಸಿದೆ. ಮನೆಗೆ ಒಯ್ದು ತರಕಾರಿ ಬಳ್ಳಿಗೆ ಕಟ್ಟಿದೆ. ಬಿಸಿಲು ಬಣ್ಣ ತಿಂದುಬಿಡ್ತು. ತಪ್ಪು ನನ್ನದು, ಕ್ಷಮಿಸಿ."

ನ್ಯಾನ್ಸಿ ನನ್ನ ಮುಖ ನೋಡಿ, ಅಳುಕುತ್ತ ಅಳುಕುತ್ತ ಚೀನಿಯಲ್ಲಿ ಹೇಳಿದಳು. ಅಜ್ಜಿಯ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು. ನಗುತ್ತಲೇ ಮೇಜನ್ನು ತಟ್ಟುತ್ತ ಉದ್ದಕ್ಕೆ ಏನೋ ಹೇಳಿದರು. ನ್ಯಾನ್ಸಿಯ ಬಾಯಿ ತೆರೆದೇ ಇತ್ತು. ಅವಳೂ ಅದನ್ನು ಮೊದಲ ಸಲ ಕೇಳುತ್ತಿದ್ದಳು.

"ಅಜ್ಜಿಗೆ ಆಗ ಐದಾರು ವರ್ಷವಂತೆ. ರಾಜನ ಆಳ್ವಿಕೆ ಬಿದ್ದುಹೋಗಿ, ಬಾವುಟದವರನ್ನು ಊರಲ್ಲಿ ಹುಡುಕ್ತಾ ಇದ್ದರಂತೆ. ಇವರ ಅಜ್ಜಿ ಗೋಡೆಯಿಂದ ಹಗ್ಗ ಇಳಿಸಿ, ಹಾಳೆಗಳಿಗೆ ಸುತ್ತಿ, ಒಲೆ ಹೊಗೆಗೆ ಹಿಡಿದಳಂತೆ. ಯಾರು ನೋಡಿದರೂ ಇದು ಬರೀ ಕಟ್ಟಿನ ದಾರ ಅನ್ನಬೇಕು ಅಂತ. ಬಂದವರು ಹಾಗೇ ಅಂದುಕೊಂಡು ಬಿಟ್ಟುಹೋದರಂತೆ." ನ್ಯಾನ್ಸಿ ಉಸಿರೆಳೆದುಕೊಂಡಳು. "ಎಪ್ಪತ್ತು ವರ್ಷ ಆದಮೇಲೆ, ಇದೇ ಕೆಲಸ ಕಲಿತವನೂ ಹಾಗೇ ಅಂದುಕೊಂಡ. ನನ್ನಜ್ಜಿ ನಿನ್ನನ್ನೂ ಗೆದ್ದಳು, ಅಂತಾರೆ."

ಡೊರತಿ ಕಿಟಕಿಯ ಕಡೆಗೆ ತಿರುಗಿ ನಿಂತಳು. ನನಗೆ ಅಳು ಬಂತು, ನಾಚಿಕೆಪಡದೆ ಅತ್ತೆ.

ಅಜ್ಜಿ ಮಾತ್ರ ಆಗಲೇ ಬೆರಳುಗಳಿಂದ ಹಗ್ಗವನ್ನು ಓದತೊಡಗಿದ್ದರು. ಬಿಲ್ಲು ಇದ್ದ ಜಾಗ, ಚಿಂದಿ, ಚಿಂದಿ. ಒಂದು ಕಡೆ ಬೆರಳು ನಿಂತಿತು. ನನ್ನ ಉಗುರು ಮುರಿದಿದ್ದ ಅದೇ ಗಂಟು. "ಇದು ನಾನು" ಎಂದರು. ಹುಟ್ಟಿದಾಗ ಬದುಕುವ ಕೂಸಲ್ಲ ಎಂದಿದ್ದರಂತೆ. ಅದಕ್ಕೆ ಅವರ ಅಜ್ಜಿ, ಕೂಸು ಹೋಗದಿರಲಿ ಎಂದು, ಎರಡು ಗಂಟು ಹಾಕಿದ್ದಳಂತೆ.

ಹಗ್ಗ ಸೇರಿಸಿಕೊಡಲು ನನಗೇ ಹೇಳಿದರು. ಬೇರೆ ದಾರ ಸೇರಿಸದೆ, ಕತ್ತರಿಸಿದ ತುದಿಗಳ ಹುರಿ ಬಿಚ್ಚಿ, ಎಳೆಗೆ ಎಳೆ ಹೆಣೆದು, ಮತ್ತೆ ಹುರಿ ಮಾಡಿದೆ. ನನ್ನ ಜೀವನದಲ್ಲಿ ಅಷ್ಟು ಜಾಗ್ರತೆಯಿಂದ ಬೇರೆ ಏನನ್ನೂ ಮಾಡಿಲ್ಲ. ಪುಟ್ಟ ಬಿಲ್ಲನ್ನು ಟೋಂಗ್ ಕಟ್ಟಿದರು. ಮುಗಿಯಿತು ಎಂದುಕೊಂಡಾಗ ಅಜ್ಜಿ ನ್ಯಾನ್ಸಿಯ ತೋಳು ಹಿಡಿದೆಳೆದು ಏನೋ ಕೇಳಿದರು. ನ್ಯಾನ್ಸಿ ಕೆಂಪಾದಳು.

"ನನ್ನದನ್ನೂ ಕಟ್ಟಬೇಕಂತೆ. ಬಟ್ಟೆ ಇದೆಯಾ ಅಂತ ಕೇಳ್ತಿದ್ದಾರೆ."

ದುರಸ್ತಿ ಕೋಣೆಯಲ್ಲಿ ರೇಷ್ಮೆ ಎಲ್ಲಿಂದ ಬರಬೇಕು? ಪೆಟ್ಟಿಗೆಗಳಿಗೆ ಹೊದಿಸುವ ಕೆಂಪು ಬಟ್ಟೆಯ ಸುರುಳಿ ಇತ್ತು. ನಾನು ಡೊರತಿಯ ಕಡೆ ನೋಡಿದೆ. ಅವಳು ತಾನೇ ಅಡಿಪಟ್ಟಿ ಇಟ್ಟು ಒಂದು ಪಟ್ಟಿ ಕತ್ತರಿಸಿ ಕೊಟ್ಟಳು. ಅಜ್ಜಿ ಕಾಣದ ಕಣ್ಣಿನಿಂದಲೇ ಅದನ್ನು ಮೊಮ್ಮಗಳ ಹೆಸರಿಗೆ ಬಿಗಿದರು. ಹಗ್ಗವನ್ನು ಗ್ರಂಥಾಲಯಕ್ಕೆ ಕೊಡಲಿಲ್ಲ. ತಮ್ಮ ಮನೆಯ ಪಶ್ಚಿಮದ ಗೋಡೆಗೆ ಒಯ್ದರು. ಆ ಗೋಡೆಯಿಂದ ಐದಾರು ಬೀದಿ ದಾಟಿದರೆ ಕಡಲು.

ಆಮೇಲೆ ನಮ್ಮ ಕೋಣೆಯ ಪದ್ಧತಿ ಬದಲಾಯಿತು. ಕಟ್ಟು ಬಿಚ್ಚುವ ಮುನ್ನ ನಾಲ್ಕು ಕಡೆಯಿಂದ ಫೋಟೋ. ಗಂಟು 'ಬಿಚ್ಚಬೇಕು, ಕತ್ತರಿಸಕೂಡದು' ಎಂದು ಡೊರತಿಯ ಕೈಬರಹದ ಚೀಟಿ ನನ್ನ ಮೇಜಿನ ಎದುರಿಗೇ ಇತ್ತು. ಮುಂದೆ ಮೈಕ್ರೋಫಿಲ್ಮ್ ಬಂತು, ಕಂಪ್ಯೂಟರು ಬಂತು, ಆ ಚೀಟಿ ಮಾತ್ರ ನಾನು ನಿವೃತ್ತನಾಗುವ ತನಕ ಅಲ್ಲೇ ಇತ್ತು. ನನ್ನ ಫೈಲಿನಲ್ಲಿ ಆ ಪತ್ರವೂ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಇದೆಲ್ಲ ಆಗಿ ಹನ್ನೆರಡು ವರ್ಷದ ಮೇಲೆ ಒಂದು ಭಾನುವಾರ ನ್ಯಾನ್ಸಿ ನಮ್ಮ ಮನೆಗೆ ಬಂದಳು. ಅಜ್ಜಿ ತೀರಿಕೊಂಡು ಎರಡು ತಿಂಗಳಾಗಿತ್ತು. ಬಗಲಲ್ಲಿ ತಿಂಗಳ ಹೆಣ್ಣುಕೂಸು, ಕೈಯಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಹಗ್ಗ. "ಆ ಕೆಂಪು ಬಟ್ಟೆ ಇನ್ನೂ ಇದೆಯಾ?" ಎಂದಳು. ಆ ಸುರುಳಿ ಮುಗಿದಾಗ ಉಳಿದಿದ್ದ ಚೂರನ್ನು ಡೊರತಿಯನ್ನು ಕೇಳಿಯೇ ಮನೆಗೆ ತಂದಿದ್ದೆ, ತಗಡಿನ ಡಬ್ಬಿಯಲ್ಲಿತ್ತು. ಸುಮಿತ್ರೆ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, "ನೋಡು ಕಂದ, ನಿಮ್ಮಜ್ಜಿ ಮನೆಯೋರೆಲ್ಲ ಇಲ್ಲೇ ಬಿಸಿಲು ಕಾಯಿಸ್ಕೊಂಡಿದ್ದು" ಎಂದು ತೋರಿಸುತ್ತಿದ್ದಳು.

ನಾನು ಪಟ್ಟಿ ಕತ್ತರಿಸಿ ಕಟ್ಟಿದೆ. ಒಂದು ಗಂಟು ಬಿಗಿದು ಕೈ ತೆಗೆಯುವಷ್ಟರಲ್ಲಿ ನ್ಯಾನ್ಸಿ ತಡೆದಳು.

"ಎರಡು ಹಾಕಿ" ಎಂದಳು. "ಎರಡು ಹಾಕಿದ್ದಕ್ಕೆ ನಮ್ಮಜ್ಜಿ ತೊಂಬತ್ತು ವರ್ಷ ಇದ್ದಳು."